ಮುಡಿಪಿನ ಒಂದು ರೂಪಾಯಿ

ಶ್ರಾವಣ ಬಂತೆಂದರೆ ನಮ್ಮ ಹಳೇ ಮೈಸೂರು ಕಡೆ ಶನಿವಾರಗಳಿಗೆ ಬೇರೆಯೇ ಕಳೆ. ತಿಮ್ಮಪ್ಪ ಮನೆದೇವರಾಗಿರುವ ಮನೆಗಳಲ್ಲಿ ಹುಡುಗರು ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಹಣೆಗೆ ನಾಮ ಇಟ್ಟು, ಹಿತ್ತಾಳೆ ತಂಬಿಗೆಗೂ ನಾಮ ಬಳಿದು, "ವೆಂಕಟರಮಣ ಗೋವಿಂದಾ ಗೋವಿಂದ" ಅಂತ ಕೂಗುತ್ತಾ ಮನೆಮನೆ ಬಾಗಿಲಿಗೆ ಹೋಗುತ್ತಾರೆ. ಮನೆಯಲ್ಲಿ ಕಾರಿದ್ದರೂ ಸರಿ, ತೋಟವಿದ್ದರೂ ಸರಿ, ಅವತ್ತು ಬೇಡಲೇಬೇಕು. ಕೆಲವರು ಒಂದು ಹಿಡಿ ಅಕ್ಕಿ ಹಾಕುತ್ತಾರೆ, ಕೆಲವರು ನಾಣ್ಯ. ಅಕ್ಕಿ ಅವತ್ತಿನ ಅಡುಗೆಗೆ. ನಾಣ್ಯ ಮುಡಿಪಿಗೆ.

ಮುಡಿಪು ಕಟ್ಟುವುದನ್ನು ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಮಗುವಿಗೆ ಜ್ವರ ಬಿಡುತ್ತಿಲ್ಲ, ಮಗಳಿಗೆ ಗಂಡು ಗೊತ್ತಾಗುತ್ತಿಲ್ಲ, ಕೋರ್ಟಿನಲ್ಲಿ ಕೇಸು ಎಳೆದಾಡುತ್ತಿದೆ, ಏನೋ ಒಂದು ಕಷ್ಟ. ಆಗ ಮನೆಯ ಹಿರಿಯ ಹೆಂಗಸು ಒಂದು ನಾಣ್ಯ ತೊಳೆದು, ಅರಿಸಿನ ಹಚ್ಚಿ, ಅರಿಸಿನದಲ್ಲೇ ಅದ್ದಿದ ಬಟ್ಟೆ ತುಂಡಿನಲ್ಲಿ ಕಟ್ಟಿ ದೇವರ ಮುಂದೆ ಇಡುತ್ತಾಳೆ. "ಅಪ್ಪಾ ತಿಮ್ಮಪ್ಪ, ಇದೊಂದು ದಾಟಿಸು, ನಿನ್ನ ಬೆಟ್ಟಕ್ಕೆ ಬಂದು ಒಪ್ಪಿಸುತ್ತೇವೆ." ಅಷ್ಟೇ. ಮಂತ್ರ ಇಲ್ಲ, ಪುರೋಹಿತರು ಬೇಕಿಲ್ಲ. ಕಷ್ಟ ದೊಡ್ಡದು, ಕಟ್ಟಿದ್ದು ಒಂದು ರೂಪಾಯಿ. ಐನೂರರ ನೋಟು ಕೈಯಲ್ಲೇ ಇದ್ದರೂ ಮುಡಿಪಿಗೆ ಹುಡುಕುವುದು ನಾಣ್ಯವನ್ನೇ.

ಈ ಒಂದು ರೂಪಾಯಿಗೆ ಹೊರಗಡೆ ಏನು ಮರ್ಯಾದೆ ಇದೆ ಹೇಳಿ. ಅಂಗಡಿಯಲ್ಲಿ ಚಿಲ್ಲರೆ ಇಲ್ಲ ಅಂತ ಚಾಕೊಲೇಟ್ ಕೈಗಿಡುತ್ತಾರೆ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದುಕೊಡುತ್ತಾರೆ, ನಾವು ಮರೆತು ಇಳಿದುಬಿಡುತ್ತೇವೆ. ರಸ್ತೆಯಲ್ಲಿ ಬಿದ್ದಿದ್ದರೆ ಬಗ್ಗಿ ಎತ್ತಿಕೊಳ್ಳುವವರೂ ಕಡಿಮೆ. ಆದರೆ ಮದುವೆ ಮುಯ್ಯಿಗೆ ಬಂದಾಗ ನೋಡಿ. ಐನೂರು ಕೊಟ್ಟರೆ ಆಗಲ್ಲ, ಐನೂರಾ ಒಂದೇ ಆಗಬೇಕು. ಅದಕ್ಕಾಗಿಯೇ ನಾಣ್ಯ ಅಂಟಿಸಿದ ಕವರ್ ಅಂಗಡಿಯಲ್ಲಿ ಸಿಗುತ್ತದೆ. ವರಮಹಾಲಕ್ಷ್ಮಿಗೆ ಕಲಶದೊಳಗೆ ಅಕ್ಕಿ ಜೊತೆ ಬೀಳುವುದೂ ನಾಣ್ಯ. ಕಮಲದ ಚಿತ್ರವಿದ್ದ ಆ ಹಳದಿ ಇಪ್ಪತ್ತು ಪೈಸೆ ನೆನಪಿದೆಯಾ? 1968ರಿಂದ 1971ರವರೆಗೆ ಟಂಕಿಸಿದ್ದು. ಬಜಾರಿನಿಂದ ಮಾಯವಾಗಿ ಎಷ್ಟೋ ವರ್ಷವಾದರೂ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಇವತ್ತಿಗೂ ಇದೆ, ಲಕ್ಷ್ಮಿ ಪೂಜೆಗೆ ಹೊರಬಂದು ಮತ್ತೆ ಒಳಗೆ ಹೋಗುತ್ತದೆ.

ಇಷ್ಟೆಲ್ಲ ಹೇಳಿದರೆ "ಹೌದು, ಹನಿ ಹನಿಗೂಡಿದರೆ ಹಳ್ಳ" ಅನ್ನುತ್ತಾರೆ. ನನಗೆ ಯಾಕೋ ಆ ಗಾದೆ ಇಲ್ಲಿ ಸರಿಹೋಗಲ್ಲ. ಅದರಲ್ಲಿ ಮರ್ಯಾದೆ ಹಳ್ಳಕ್ಕೆ, ಹನಿಗಲ್ಲ. ನಾಳೆ ದೊಡ್ಡದಾಗುತ್ತದೆ ಅನ್ನುವ ಆಸೆಗೆ ಇವತ್ತು ಸಣ್ಣದನ್ನು ಸಹಿಸಿಕೊಂಡ ಹಾಗೆ. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಕಾಳು ಆಯ್ದು ತರುತ್ತಿದ್ದ, ಆ ಕಾಳುಗಳಲ್ಲೇ ಗಂಡ ಹೆಂಡತಿಯ ದಾಸೋಹ. ಒಂದು ದಿನ ಜಾಸ್ತಿ ತಂದಾಗ ಹೆಂಡತಿ ಲಕ್ಕಮ್ಮ ಖುಷಿಪಡಲಿಲ್ಲ, ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಸುರಿದು ಬಾ ಅಂದಳು. ಆ ಮನೆಯಲ್ಲಿ ಕಾಳು ಕೂಡಿಟ್ಟು ಕಣಜ ಮಾಡುವ ಲೆಕ್ಕವೇ ಇರಲಿಲ್ಲ. ಕಾಳು ಕಾಳಾಗಿಯೇ ಸಾಕಿತ್ತು.

ಮುಡಿಪಿನ ನಾಣ್ಯವೂ ಹಾಗೆಯೇ. ಅದು ಉಳಿತಾಯ ಅಲ್ಲ, ಬಡ್ಡಿ ಬರಲ್ಲ. ಮಾತಿಗೆ ಒಂದು ಗುರುತು ಬೇಕಿತ್ತು, ಅದಕ್ಕೆ ಕೈಗೆ ಸಿಕ್ಕಿದ್ದು ಅದು. ಕೂಲಿ ಮಾಡುವವಳೂ ಕಟ್ಟಬಹುದು, ಸಾಹುಕಾರನ ಹೆಂಡತಿಯೂ ಕಟ್ಟಬಹುದು, ಇಬ್ಬರ ಗಂಟೂ ಒಂದೇ ಗಾತ್ರ. ಬೆಟ್ಟಕ್ಕೆ ಹೋದಮೇಲೆ ಸಾಹುಕಾರ ಹುಂಡಿಗೆ ಎಷ್ಟು ಬೇಕಾದರೂ ಹಾಕಲಿ, ಅದು ಅವನಿಷ್ಟ, ಹರಕೆ ಹೊತ್ತ ಗಳಿಗೆಯಲ್ಲಿ ಮಾತ್ರ ಅವನದೂ ಒಂದೇ ರೂಪಾಯಿ.

ಆದರೆ ಇಲ್ಲೊಂದು ಮಾತು ಹೇಳಲೇಬೇಕು. ಸಣ್ಣದು ಬೇರೆ, ಬೇಡವಾದದ್ದು ಬೇರೆ.

2011ರ ಜೂನ್ 30ಕ್ಕೆ ನಾಲ್ಕಾಣೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ ನಿಂತಿತು. ಡಬ್ಬಿಯಲ್ಲಿ ಉಳಿದಿದ್ದ ಅಂಥ ನಾಣ್ಯಗಳನ್ನು "ಅಂಗಡಿಯವನು ತಗೊಳ್ಳಲ್ಲ, ದೇವರಿಗಾದರೂ ಹಾಕೋಣ" ಅಂತ ಹುಂಡಿಗೆ ಸುರಿದವರನ್ನು ನಾನು ಕಂಡಿದ್ದೇನೆ. ಹರಿದ ನೋಟೂ ಅಲ್ಲಿಗೇ, ಸವೆದು ರಾಜನೋ ಸಿಂಹವೋ ಗೊತ್ತಾಗದ ನಾಣ್ಯವೂ ಅಲ್ಲಿಗೇ. ಪಾಪ, ಹುಂಡಿ ಎಣಿಸಲು ಕೂತವರು ಅದನ್ನೆಲ್ಲ ಬೇರೆ ಮಾಡುತ್ತಾ ಸೊಂಟ ನೋಯಿಸಿಕೊಳ್ಳಬೇಕು. ಹಾಕಿದವರ ಮನಸ್ಸಿಗೆ ಮಾತ್ರ ಕಾಣಿಕೆ ಕೊಟ್ಟ ಸಮಾಧಾನ!

(ಎಂಟಾಣೆಯದು ಇನ್ನೂ ತಮಾಷೆ. ಕಾನೂನಿನ ಪ್ರಕಾರ ಅದು ಇನ್ನೂ ನಡೆಯುತ್ತದೆ, 10 ರೂಪಾಯಿವರೆಗಿನ ಲೆಕ್ಕವನ್ನು ಎಂಟಾಣೆಗಳಲ್ಲೇ ತೀರಿಸಬಹುದು. ಅಂಗಡಿಯಲ್ಲಿ ಕೊಟ್ಟು ನೋಡಿ, ನಿಮ್ಮ ಮುಖವನ್ನೇ ಎರಡು ಸಲ ನೋಡುತ್ತಾರೆ.)

ಪುರಂದರದಾಸರ ಕತೆ ಎಲ್ಲರಿಗೂ ಗೊತ್ತು, ಆದರೆ ಅದರಲ್ಲಿ ನಾಣ್ಯದ ಭಾಗವನ್ನು ನಾವು ಬೇಗ ದಾಟಿಬಿಡುತ್ತೇವೆ. ದಾಸರಾಗುವ ಮೊದಲು ಅವರು ಶ್ರೀನಿವಾಸ ನಾಯಕ, ದೊಡ್ಡ ಲೇವಾದೇವಿಗಾರ, ಅಷ್ಟೇ ದೊಡ್ಡ ಜಿಪುಣ. ಬಡ ಬ್ರಾಹ್ಮಣನ ವೇಷದಲ್ಲಿ ವಿಠಲನೇ ಬಂದು ಮಗನ ಮುಂಜಿಗೆ ಸಹಾಯ ಕೇಳಿದ. ನಾಯಕ ಇವತ್ತು ನಾಳೆ ಅಂತ ತಿಂಗಳುಗಟ್ಟಲೆ ಅಲೆಸಿದ. ಕೊನೆಗೆ ಪೀಡೆ ತೊಲಗಲಿ ಅಂತ ಸವಕಲು ನಾಣ್ಯಗಳ ಚೀಲ ಮುಂದೆ ಸುರಿದು, ಇದರಲ್ಲಿ ಒಂದು ತಗೊಂಡು ಹೋಗು ಅಂದ. ಬ್ರಾಹ್ಮಣ ಅದನ್ನು ಬಿಟ್ಟು ನೇರ ನಾಯಕನ ಮನೆಗೆ ಹೋದ. ಹೆಂಡತಿ ಸರಸ್ವತಿಯ ಹತ್ತಿರ ಗಂಡನ ಒಪ್ಪಿಗೆ ಇಲ್ಲದೆ ಕೊಡಬಹುದಾದದ್ದು ಏನೂ ಇರಲಿಲ್ಲ. ತವರಿನವರು ಕೊಟ್ಟ ಮೂಗುತಿ ಇತ್ತು, ಬಿಚ್ಚಿ ಕೊಟ್ಟಳು. ಮುಂದಿನದು ನಿಮಗೆ ಗೊತ್ತೇ ಇದೆ. ಅದೇ ಮೂಗುತಿ ನಾಯಕನ ಅಂಗಡಿಗೆ ಬಂತು, ಅವನ ಕಣ್ಣು ತೆರೆಯಿತು, ಇದ್ದದ್ದೆಲ್ಲ ಕೊಟ್ಟು ವಿಜಯನಗರಕ್ಕೆ ಬಂದು ವ್ಯಾಸರಾಯರ ಶಿಷ್ಯನಾದ.

ನಾಯಕ ಕೊಡಲು ಬಂದದ್ದೂ ಸಣ್ಣದೇ, ಅವಳು ಕೊಟ್ಟದ್ದೂ ಸಣ್ಣದೇ. ಆದರೆ ಅವನು ತನ್ನ ಲೆಕ್ಕದಿಂದ ಆಗಲೇ ತೆಗೆದುಹಾಕಿದ್ದನ್ನು ಕೊಡಲು ಬಂದ. ಅವಳು ಬೆಳಗ್ಗೆಯಿಂದ ಮುಖದ ಮೇಲಿದ್ದದ್ದನ್ನು ಕೊಟ್ಟಳು. ದಾಸರ ಕತೆ ಅಂತ ಹೇಳುತ್ತೇವೆ, ನನ್ನ ಮಟ್ಟಿಗೆ ಅರ್ಧ ಕತೆ ಈ ಹೆಂಗಸಿನದು. ಪ್ರತಿವರ್ಷ ಪುಷ್ಯ ಮಾಸದ ಅಮಾವಾಸ್ಯೆಗೆ ದಾಸರ ಆರಾಧನೆ ನಡೆಯುತ್ತದೆ. ಹಂಪಿಯಲ್ಲಿ ತುಂಗಭದ್ರೆಯ ದಡದ ಪುರಂದರ ಮಂಟಪದ ಹತ್ತಿರ ನಿಂತಾಗ ಎಲ್ಲರ ಬಾಯಲ್ಲೂ ದಾಸರ ಪದ, ಮೂಗುತಿ ಕೊಟ್ಟವಳ ಸುದ್ದಿ ಕಡಿಮೆ.

ಹಾಗಾದರೆ ಮಂಗಳಾರತಿ ತಟ್ಟೆಗೆ ಐವತ್ತು ಹಾಕಿ ನಲವತ್ತು ವಾಪಸ್ ಎತ್ತಿಕೊಳ್ಳುವವರು? ನನಗೆ ಅವರ ಬಗ್ಗೆ ಏನೂ ತಕರಾರಿಲ್ಲ. ನೋಡಿದವರು ಮುಸಿಮುಸಿ ನಗುತ್ತಾರೆ, ಆದರೆ ಹತ್ತು ಕೊಡಬೇಕು ಅಂತ ಬಂದವರು ಹತ್ತೇ ಕೊಟ್ಟರು, ನಾಚಿಕೆಗೆ ಐವತ್ತು ಬಿಟ್ಟು ಹೋಗಿ ದಾರಿಯುದ್ದಕ್ಕೂ ಕೊರಗಲಿಲ್ಲ. ದೇವರ ಹತ್ತಿರ ಚಿಲ್ಲರೆ ಕೇಳುವಷ್ಟು ಸಲಿಗೆ ಇರುವುದು ಒಳ್ಳೆಯದೇ ಅಲ್ವಾ? ಈಗಂತೂ ಹುಂಡಿ ಪಕ್ಕದಲ್ಲೇ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಅದರಲ್ಲಿ ಒಂದು ರೂಪಾಯಿಯನ್ನೂ ಕಳಿಸಬಹುದು, ಆದರೆ ಅರಿಸಿನ ಎಲ್ಲಿಗೆ ಹಚ್ಚುವುದು?

ಹೊಳೆಗೆ ನಾಣ್ಯ ಎಸೆಯುವುದೂ ಇದೇ ಸಾಲಿನದು. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ ಕೈ ತಾನಾಗಿ ಪರ್ಸಿಗೆ ಹೋಗುವವರು ಇದ್ದಾರೆ. ಈಗಿನ ಒಂದು, ಎರಡು ರೂಪಾಯಿ ನಾಣ್ಯ ಸ್ಟೀಲಿನದು, ಅಯಸ್ಕಾಂತಕ್ಕೆ ಅಂಟುತ್ತದೆ. ಹಾಗಾಗಿ ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ನೀರಿಗೆ ಬಿಟ್ಟು ನಾಣ್ಯ ಎತ್ತುವ ಹುಡುಗರು ಹೊಳೆ ದಡಗಳಲ್ಲಿ ಸಿಗುತ್ತಾರೆ. ಬೈಯಬೇಡಿ. ತಾಯಿಗೆ ಕೊಟ್ಟದ್ದು ಮಕ್ಕಳ ಕೈಗೆ ಹೋದರೆ ತಪ್ಪೇನು?

ಇನ್ನು ಪ್ರತಿವರ್ಷ ಮನೆಮನೆಯಲ್ಲೂ ಏಳುವ ಜಗಳ. ತಿರುಪತಿಗೆ ಹೊರಡುವಾಗ ತಂಬಿಗೆ ತುಂಬಿದ ಚಿಲ್ಲರೆಯನ್ನು ಹಾಗೆಯೇ ಹೊರಬೇಕೋ, ನೋಟು ಮಾಡಿಸಿಕೊಂಡು ಹೋಗಬಹುದೋ? ಅಜ್ಜಿಯರು ಒಪ್ಪಲ್ಲ, ಬಿದ್ದ ನಾಣ್ಯವೇ ಬೆಟ್ಟ ಹತ್ತಬೇಕು ಅನ್ನುತ್ತಾರೆ. ಬ್ಯಾಗ್ ಹೊರುವ ಮೊಮ್ಮಕ್ಕಳು ಬೇರೆ ಹೇಳುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಅರಿಸಿನ ಬಟ್ಟೆಯಲ್ಲಿ ಕಟ್ಟಿದ ಆ ನಾಣ್ಯವನ್ನು ಬದಲಾಯಿಸಬೇಡಿ, ಮಾತು ಕೊಟ್ಟದ್ದು ಅದರ ಮೇಲೆ. ಶನಿವಾರದ ಭಿಕ್ಷೆಯಲ್ಲಿ ಬಂದ ಚಿಲ್ಲರೆಯನ್ನು ಮನೆ ಪಕ್ಕದ ಅಂಗಡಿಗೆ ಕೊಟ್ಟು ಅಷ್ಟಕ್ಕೇ ನೋಟು ತಗೊಳ್ಳಿ. ಎಣಿಸುವಾಗ ನಿಮ್ಮ ಕಡೆಯಿಂದ ಒಂದೂ ಕಡಿಮೆಯಾಗದಂತೆ ನೋಡಿಕೊಳ್ಳಿ, ಅಂಗಡಿಯವರಿಗೂ ಒಂದಷ್ಟು ದಿನ ಚಾಕೊಲೇಟ್ ಕೊಡುವ ಗೋಜು ತಪ್ಪುತ್ತದೆ.