ಇಕೋ ಕ್ಲಬ್‌ನ ನೀರಿನ ಪುಸ್ತಕ: ಜೂನ್‌ನಿಂದ ಡಿಸೆಂಬರ್‌ವರೆಗೆ

ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಇಕೋ ಕ್ಲಬ್ಬಿನ ಹೊಣೆಯೂ ನನ್ನದೇ. ಹೋದ ವರ್ಷದವರೆಗೆ ಜೂನ್ 5ಕ್ಕೆ ಗಿಡ ನೆಡುತ್ತಿದ್ದೆವು, ಅಕ್ಟೋಬರ್ 2ಕ್ಕೆ ಶ್ರಮದಾನ ಮಾಡುತ್ತಿದ್ದೆವು. ನೆಟ್ಟ ಹೊಂಗೆ ಗಿಡಗಳಲ್ಲಿ ಹೆಚ್ಚಿನವು ಬೇಸಿಗೆ ದಾಟಲಿಲ್ಲ. ಈ ವರ್ಷ ನೀರಿನ ಕೆಲಸ ಹಿಡಿದಿದ್ದೇವೆ. ಇನ್ನೂರು ಪುಟದ ಒಂದು ನೋಟ್‌ಬುಕ್ಕಿಗೆ ಮಕ್ಕಳು ‘ನೀರಿನ ಪುಸ್ತಕ’ ಅಂತ ಹೆಸರಿಟ್ಟರು. ಕೆಳಗಿರುವುದೆಲ್ಲ ಅದರಿಂದಲೇ ತೆಗೆದದ್ದು.

ಜೂನ್, ಮೂರನೇ ವಾರ

ಶುರುವಾದದ್ದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಪ್ರಶ್ನೆಯಿಂದ. “ಮಿಸ್, ನಮ್ಮನೇಲಿ ಎಲ್ಲರದ್ದೂ ಗಾರಪಳ್ಳು. ಬೆಂಗಳೂರಲ್ಲಿ ಹುಟ್ಟಿದ ನಮ್ಮ ಚಿಕ್ಕಪ್ಪನ ಮಕ್ಕಳಿಗೆ ಯಾಕಿಲ್ಲ?” ಇದು ಆಂಧ್ರದ ಗಡಿ. ಮಕ್ಕಳ ಮನೆಮಾತು ಬಹುಪಾಲು ತೆಲುಗು. ಕಂದು ಗೆರೆ, ಸುಣ್ಣದ ಮಚ್ಚೆ ಇರುವ ಹಲ್ಲಿಗೆ ಅವರ ಮಾತು ಗಾರಪಳ್ಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುವ ಮಕ್ಕಳು ನನ್ನ ಪ್ರತಿ ತರಗತಿಯಲ್ಲೂ ಇದ್ದಾರೆ. ವಂಶ ಒಂದೇ, ನೀರು ಬೇರೆ. ಉತ್ತರದ ಅರ್ಧ ಭಾಗ ಅವಳ ಪ್ರಶ್ನೆಯಲ್ಲೇ ಇತ್ತು.

ಇಲ್ಲಿನ ಬೋರ್‌ವೆಲ್‌ಗಳು ಕಲ್ಲುಬಂಡೆಯ ಸಂದಿಯಿಂದ ನೀರೆತ್ತುತ್ತವೆ. ಬಂಡೆಯ ಖನಿಜಗಳಲ್ಲಿರುವ ಫ್ಲೋರೈಡ್ ಆ ನೀರಿನಲ್ಲಿ ಕರಗಿರುತ್ತದೆ. ಅದು ಹೆಚ್ಚಾದರೆ ಹಲ್ಲಿಗೆ ಕಲೆ ಬೀಳುತ್ತದೆ, ಮೂಳೆಗೂ ತೊಂದರೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ನಮ್ಮೂರಿನ ನೀರಿನಲ್ಲಿ ಎಷ್ಟಿದೆ ಎಂದು ಮಕ್ಕಳು ಕೇಳಿದರು. ನನಗೆ ಗೊತ್ತಿರಲಿಲ್ಲ. ಎಂಟು ವರ್ಷದಿಂದ ಇಲ್ಲಿದ್ದೂ ಅಳೆದು ನೋಡಿರಲಿಲ್ಲ.

ಜುಲೈ

ಗ್ರಾಮ ಪಂಚಾಯಿತಿಯಿಂದ ನೀರು ಪರೀಕ್ಷೆಯ ಕಿಟ್ ತಂದೆವು. ಜಲ ಜೀವನ್ ಮಿಷನ್‌ನಲ್ಲಿ ಊರಿನ ಹೆಣ್ಣುಮಕ್ಕಳಿಗೆ ಇದರ ತರಬೇತಿ ಕೊಡುತ್ತಾರೆ. ಹಾಗೆ ಕಲಿತ ಒಬ್ಬ ಅಕ್ಕ ಎರಡು ಶನಿವಾರ, ಬೆಳಗಿನ ಶಾಲೆ ಮುಗಿದ ಮೇಲೆ, ಬಂದು ಹೇಳಿಕೊಟ್ಟರು. ಟ್ಯೂಬಿಗೆ ಗೆರೆಯವರೆಗೆ ನೀರು ತುಂಬಬೇಕು, ದ್ರಾವಣದ ಹನಿ ಹಾಕಬೇಕು, ಬಣ್ಣವನ್ನು ಚಾರ್ಟಿಗೆ ಹೋಲಿಸಬೇಕು. ಫ್ಲೋರೈಡ್ ಹೆಚ್ಚಾದಂತೆ ಗುಲಾಬಿ ಬಣ್ಣ ಹಳದಿಯ ಕಡೆ ತಿರುಗುತ್ತದೆ.

ಕೇಳಲು ಸುಲಭ. ಮೊದಲ ದಿನ ಒಂದೇ ಟ್ಯೂಬನ್ನು ನೋಡಿ ಒಬ್ಬ 1 ಅಂದ, ಇನ್ನೊಬ್ಬಳು 2 ಅಂದಳು. ಒಬ್ಬ ಟ್ಯೂಬ್‌ಲೈಟಿನ ಕೆಳಗೆ ನೋಡಿದ್ದ, ಇನ್ನೊಬ್ಬಳು ಬಾಗಿಲ ಬೆಳಕಿನಲ್ಲಿ. ಅವತ್ತೇ ಮಕ್ಕಳು ಮೂರು ನಿಯಮ ಮಾಡಿಕೊಂಡರು. ನೋಡುವುದು ಹುಣಸೆ ಮರದ ನೆರಳಿನಲ್ಲೇ. ಇಬ್ಬರು ಬೇರೆ ಬೇರೆ ನೋಡಿ, ಒಬ್ಬರಿಗೊಬ್ಬರು ಹೇಳದೆ ಬರೆಯಬೇಕು. ಹೊಂದದಿದ್ದರೆ ಮೂರನೆಯವರನ್ನು ಕರೆಯಬೇಕು. ಈ ನಿಯಮ ನಾನು ಹೇಳಿಕೊಟ್ಟದ್ದಲ್ಲ. ಪ್ರಯೋಗ ಎಂದರೇನೆಂದು ನಾಲ್ಕು ಪಾಠ ಮಾಡಿದ್ದರೂ ಇಷ್ಟು ಚೆನ್ನಾಗಿ ತಲುಪುತ್ತಿರಲಿಲ್ಲ.

ಊರು ಮತ್ತು ಎರಡು ಹಟ್ಟಿ ಸೇರಿ ಹನ್ನೊಂದು ಕಡೆ ನೀರು ಹಿಡಿದೆವು. ಏಳು ಕಡೆ ಬಣ್ಣ 1.5 ದಾಟಿತು, ಅವುಗಳಲ್ಲಿ ಎರಡು ಕಡೆ ಚಾರ್ಟಿನ ಕೊನೆಯ ಬಣ್ಣದ ಹತ್ತಿರ ಬಂತು. ಕಿಟ್ಟಿನ ಬಣ್ಣವನ್ನೇ ನಂಬಿ ಊರಿಗೆ ಹೇಳುವುದು ಸರಿಯಲ್ಲ ಅನ್ನಿಸಿ, ಅವನ್ನೆಲ್ಲ ಪ್ರಯೋಗಾಲಯಕ್ಕೂ ಕಳಿಸಿದೆವು. ಪ್ಲಾಸ್ಟಿಕ್ ಬಾಟಲಿಯಲ್ಲೇ ಕಳಿಸಬೇಕು. ಫ್ಲೋರೈಡ್ ಗಾಜಿನ ಜೊತೆ ವರ್ತಿಸಿ ಲೆಕ್ಕ ತಪ್ಪಿಸಬಹುದು. ವರದಿ ಬಂದಾಗ ಅದರಲ್ಲೂ ಆ ಏಳೂ 1.5 ದಾಟಿದ್ದವು.

ಆಗಸ್ಟ್

ಮನೆಮನೆಗೆ ಹೋಗಿ ಹೇಳುವ ಕೆಲಸ. ಕನ್ನಡದಲ್ಲಿ ಚೀಟಿ ಬರೆದುಕೊಂಡಿದ್ದೆವು, ಮೂರನೇ ಮನೆಯಲ್ಲೇ ಅದನ್ನು ಜೇಬಿಗೆ ಸೇರಿಸಿದೆವು. ಮಕ್ಕಳು ತೆಲುಗಿನಲ್ಲಿ ಮಾತಾಡಿದರು, ಅಜ್ಜಿಯಂದಿರು ಜಗಲಿಯಲ್ಲಿ ಕೂರಿಸಿಕೊಂಡು ಕೇಳಿದರು.

ಎಲ್ಲರೂ ಹೇಳಿದ್ದು ಒಂದೇ ಮಾತು: “ನಾವು ಕುಡಿಯೋದು ಫಿಲ್ಟರ್ ನೀರೇ.” ನಿಜ. ಊರಿನ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುತ್ತದೆ. ಆಗ ಕ್ಲಬ್ಬಿನ ಹುಡುಗನೊಬ್ಬ ಕೇಳಿದ, “ಅನ್ನ ಯಾವ ನೀರಲ್ಲಿ ಮಾಡ್ತೀರಿ?” ಬೋರಿನ ನೀರಲ್ಲಿ. ಮುದ್ದೆ, ಬೇಳೆಸಾರು, ಕಾಫಿ, ಎಲ್ಲವೂ ಅದರಲ್ಲೇ. ಹೊಟ್ಟೆಗೆ ಹೋಗುವ ನೀರಿನ ದೊಡ್ಡ ಪಾಲು ಅಡುಗೆಯ ಮೂಲಕವೇ ಹೋಗುತ್ತಿದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. “ಕಾಯಿಸಿ ಕುಡೀತೀವಿ ಕಣಮ್ಮ” ಅಂತ ನೆಮ್ಮದಿಯಿಂದ ಇದ್ದವರಿಗೆ ಇದನ್ನು ಹೇಳುವುದು ನನಗೆ ಕಷ್ಟವಾಯಿತು.

ಒಬ್ಬ ಅಜ್ಜಿ ಲೆಕ್ಕ ಹಾಕಿದರು. ಅಡುಗೆಗೂ ಸೇರಿ ದಿನಕ್ಕೆ ಎರಡು ಕ್ಯಾನ್ ಅಂದರೆ ತಿಂಗಳಿಗೆ ಮುನ್ನೂರು ರೂಪಾಯಿ. ಹೊತ್ತು ತರುವವರು ಬೇರೆ ಬೇಕು. ಅವರ ಮೊಣಕಾಲು ಮಡಚಲು ಬರುವುದಿಲ್ಲ. ಅದಕ್ಕೆ ನಮ್ಮ ಬಳಿ ಉತ್ತರ ಇರಲಿಲ್ಲ. ನುಗ್ಗೆಸೊಪ್ಪು, ರಾಗಿ, ಹಾಲು, ನೆಲ್ಲಿಕಾಯಿ ಹೆಚ್ಚು ತಿನ್ನಿ, ಕ್ಯಾಲ್ಸಿಯಂ ಮತ್ತು ಸಿ ಜೀವಸತ್ವ ಒಳ್ಳೆಯದು ಎಂದಷ್ಟೇ ಹೇಳಿ ಬಂದೆವು. ದಾರಿಯುದ್ದಕ್ಕೂ ಮಕ್ಕಳು ಮಾತಾಡಲಿಲ್ಲ.

ಮಳೆನೀರು ಹಿಡಿಯುವ ಮಾತು ಬಂದದ್ದು ಆ ದಿನವೇ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಎರಡು ಕೊಠಡಿಗಳ ಆರ್‌ಸಿಸಿ ಚಾವಣಿ 12 ಮೀಟರ್ ಉದ್ದ, 6 ಮೀಟರ್ ಅಗಲ, ಅಂದರೆ 72 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಹತ್ತು ಮಿಲಿಮೀಟರ್ ಬಿದ್ದರೆ 720 ಲೀಟರ್. ಹೀರಿಕೆ, ಚೆಲ್ಲುವಿಕೆಗೆ ಐದನೇ ಒಂದು ಪಾಲು ಕಳೆದರೂ 576 ಉಳಿಯುತ್ತದೆ. ಹಳೆಯ ವಿದ್ಯಾರ್ಥಿಗಳು 2000 ಲೀಟರಿನ ಟ್ಯಾಂಕ್ ಕೊಡಿಸಿದರು. ಊರಿನ ಪ್ಲಂಬರ್ ಕೂಲಿ ತೆಗೆದುಕೊಳ್ಳದೆ ಪೈಪು ಜೋಡಿಸಿದರು.

ಸೆಪ್ಟೆಂಬರ್: ಕೆಟ್ಟ ವಾರ

ಎರಡು ಮಳೆಗೆ ಟ್ಯಾಂಕ್ ಅರ್ಧ ತುಂಬಿತು. ಫ್ಲೋರೈಡ್ ಪರೀಕ್ಷೆಯಲ್ಲಿ ಗಟ್ಟಿ ಗುಲಾಬಿ ಬಣ್ಣ ಬಂತು, ಮಕ್ಕಳು ಕುಣಿದರು. ಬ್ಯಾಕ್ಟೀರಿಯಾ ನೋಡುವ ಸಣ್ಣ ಶೀಶೆಗೂ ನೀರು ಹಾಕಿಟ್ಟಿದ್ದೆವು. ಮರುದಿನ ಅದು ಕಪ್ಪಾಗಿತ್ತು. ಕಪ್ಪಾದರೆ ಕುಡಿಯಬಾರದು.

ತಪ್ಪು ನನ್ನದು. ಚಾವಣಿಯ ಮೇಲೆ ಪಾರಿವಾಳಗಳಿವೆ. ಮೊದಲ ಮಳೆಯ ಕೊಳೆನೀರು ಟ್ಯಾಂಕಿಗೆ ಹೋಗಬಾರದೆಂದು ನಾನೇ ಒಂದೂವರೆ ಮೀಟರಿನ ನಾಲ್ಕು ಇಂಚು ಪೈಪನ್ನು ಪಕ್ಕದಲ್ಲಿ ನಿಲ್ಲಿಸಿದ್ದೆ. ಎಷ್ಟು ನೀರು ಹಿಡಿಯುತ್ತದೆಂದು ಲೆಕ್ಕ ಮಾಡಿರಲಿಲ್ಲ. ಹತ್ತನೇ ತರಗತಿಯ ಮಕ್ಕಳು ಮಾಡಿದರು: ತ್ರಿಜ್ಯ 5 ಸೆಂಟಿಮೀಟರ್, ಮೀಟರಿಗೆ 7.85 ಲೀಟರ್, ಒಟ್ಟು ಸುಮಾರು 12 ಲೀಟರ್. ಚಾವಣಿ ತೊಳೆಯಲು ಕಡಿಮೆಯೆಂದರೂ ಮೊದಲ ಒಂದು ಮಿಲಿಮೀಟರ್ ಮಳೆ ಬೇಕು, ಅಂದರೆ 72 ಲೀಟರ್. ಉಳಿದ ಅರವತ್ತು ಲೀಟರ್ ಕೊಳೆ ನೇರ ಟ್ಯಾಂಕಿಗೆ ಹೋಗಿತ್ತು.

ನೀರೆಲ್ಲ ಕೈತೋಟದ ನುಗ್ಗೆಗೆ ಬಿಟ್ಟೆವು, ಟ್ಯಾಂಕ್ ಉಜ್ಜಿ ತೊಳೆದೆವು. ಪೈಪಿನ ಜಾಗಕ್ಕೆ 200 ಲೀಟರಿನ ಡ್ರಮ್ ಬಂತು. ಅದು ತುಂಬಿದ ಮೇಲಷ್ಟೇ ನೀರು ಮುಂದಕ್ಕೆ ಹೋಗುತ್ತದೆ. ಮೋಡ ಕಟ್ಟಿದ ದಿನ ಇಬ್ಬರು ಮೇಲೆ ಹತ್ತಿ ಗುಡಿಸುತ್ತಾರೆ, ಒಬ್ಬರು ಡ್ರಮ್ಮಿನ ಕೆಳಗಿನ ನಲ್ಲಿ ಮುಚ್ಚಿದೆಯೇ ಎಂದು ನೋಡುತ್ತಾರೆ. ಶಾಲಾ ಸಂಸತ್ತಿನ ಆರೋಗ್ಯ ಮಂತ್ರಿ ಈ ಪಾಳಿಯ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದಾನೆ. ತಿಂಗಳ ಕೊನೆಯ ಮಳೆಯ ನೀರು ಹಾಕಿದ ಶೀಶೆ ಎರಡು ದಿನ ಇಟ್ಟರೂ ಕಪ್ಪಾಗಲಿಲ್ಲ. ಆದರೂ ಕ್ಲೋರಿನ್ ಹಾಕದೆ ಕೊಡುವುದಿಲ್ಲ ಎಂದು ತೀರ್ಮಾನಿಸಿದೆವು.

ಅಕ್ಟೋಬರ್

ಟ್ಯಾಂಕ್ ತುಂಬಿತು. ಯಾರು ಕುಡಿಯಬೇಕು? ನಮ್ಮ ಶಾಲೆಯ 68 ಮಕ್ಕಳಿಗೆ ದಿನಕ್ಕೆ ಅರ್ಧ ಲೀಟರಿನಂತೆ ಕೊಟ್ಟರೆ ಸುಮಾರು 58 ದಿನ. ನಾನು ಅದನ್ನೇ ಅಂದುಕೊಂಡಿದ್ದೆ.

ಅದೇ ವಾರ ಹಲ್ಲಿನ ಪಾಠ ಮಾಡಿದ್ದೆ. ಹಾಲುಹಲ್ಲು ಇರುವಾಗಲೇ ಒಸಡಿನ ಒಳಗೆ ಶಾಶ್ವತ ಹಲ್ಲಿನ ಎನಾಮಲ್ ಕಟ್ಟಿಕೊಳ್ಳುತ್ತಿರುತ್ತದೆ, ಎಂಟು ವರ್ಷದೊಳಗೆ ಬಹುಪಾಲು ಹಲ್ಲುಗಳಿಗೆ ಅದು ಮುಗಿಯುತ್ತದೆ. ಕಲೆ ಬೀಳುವುದು ಆಗಲೇ. ಜೂನ್‌ನಲ್ಲಿ ಪ್ರಶ್ನೆ ಕೇಳಿದ ಹುಡುಗಿ ಸಭೆಯಲ್ಲಿ ಎದ್ದು ನಿಂತಳು. “ನಮ್ಮ ಹಲ್ಲು ಆಗಲೇ ಆಗೋಯ್ತು ಮಿಸ್. ನನ್ನ ತಂಗಿ ಅಂಗನವಾಡೀಲಿದಾಳೆ. ಅವಳ ಹಲ್ಲು ಇನ್ನೂ ಒಳಗಿದೆ.”

ನೀರು ಅಂಗನವಾಡಿಗೆ ಹೋಗಲಿ ಎಂದು ಎಲ್ಲರೂ ಕೈ ಎತ್ತಿದರು. ನಾನು ಕಣ್ಣೊರೆಸಿಕೊಳ್ಳಲು ಹೊರಗೆ ಬಂದೆ. ಅಲ್ಲಿರುವುದು 22 ಮಕ್ಕಳು. ಕುಡಿಯಲು 11 ಲೀಟರ್, ಅಡುಗೆಗೆ 15. ಒಮ್ಮೆ ತುಂಬಿದರೆ 76 ದಿನ ಬರುತ್ತದೆ. ದೊಡ್ಡ ಮಕ್ಕಳಿಗೂ ಮೂಳೆಯ ಚಿಂತೆ ಇದೆ. ಅವರ ಕುಡಿಯುವ ನೀರಿಗೆ ಮತ್ತು ಬಿಸಿಯೂಟಕ್ಕೆ ಫಿಲ್ಟರ್ ನೀರಿನ ಕ್ಯಾನ್ ತರಿಸಲು ಶಾಲಾಭಿವೃದ್ಧಿ ಸಮಿತಿ ಒಪ್ಪಿತು.

ನವೆಂಬರ್

ಮಕ್ಕಳ ಗ್ರಾಮಸಭೆಯಲ್ಲಿ ನೀರಿನ ಪುಸ್ತಕವನ್ನು ತೆರೆದಿಟ್ಟು ಏಳು ಬೋರ್‌ವೆಲ್‌ಗಳ ಹೆಸರು ಓದಿದರು. ಪ್ರತಿಯೊಂದರ ಬಳಿ ‘ಕುಡಿಯಲು, ಅಡುಗೆಗೆ ಬೇಡ’ ಎಂದು ಬರೆಸಲು ಪಂಚಾಯಿತಿ ಒಪ್ಪಿದೆ. ಮೊಣಕಾಲು ನೋವಿನ ಅಜ್ಜಿಯಂಥ ಒಂಟಿ ವೃದ್ಧರ ಮನೆಗೆ ಕ್ಯಾನ್ ತಲುಪಿಸುವ ಬೇಡಿಕೆಯನ್ನು ನಡಾವಳಿಯಲ್ಲಿ ಬರೆದುಕೊಂಡರು, ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಅಂಥ ನಾಲ್ಕು ಮನೆಗೆ ಹುಡುಗರು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ದಿನ ಬಿಟ್ಟು ದಿನ ಒಯ್ಯುತ್ತಿದ್ದಾರೆ.

ಡಿಸೆಂಬರ್ 20

ಐದು ಕಡೆ ಬೋರ್ಡ್ ಬರೆದಾಗಿದೆ, ಎರಡು ಬಾಕಿ. ಟ್ಯಾಂಕಿನಲ್ಲಿ ಅಳತೆ ಕೋಲು ಇಳಿಸಿದರೆ 700 ಲೀಟರ್ ತೋರಿಸಿತು. ಮುಂದಿನ ಮಳೆಯವರೆಗೆ ಸಾಲುವುದಿಲ್ಲ, ಜನವರಿ ನಡುವಿಗೆ ಮುಗಿಯುತ್ತದೆ. ಆಮೇಲೆ ಅಂಗನವಾಡಿಗೂ ಕ್ಯಾನೇ. ಇನ್ನೆರಡು ಕೊಠಡಿಗಳ ಚಾವಣಿಗೆ ಪೈಪು ಹಾಕಿ ಮತ್ತೊಂದು ಟ್ಯಾಂಕ್ ಇಡಲು ಏನೇನು ಬೇಕೆಂದು ಎಂಟನೇ ತರಗತಿಯವರು ಪಟ್ಟಿ ಮಾಡುತ್ತಿದ್ದಾರೆ. ಹತ್ತನೆಯವರು ಮಾರ್ಚ್‌ಗೆ ಹೋಗುತ್ತಾರೆ. ಬಣ್ಣ ನೋಡುವುದನ್ನು ಚಿಕ್ಕವರಿಗೆ ಕಲಿಸುವ ಕೆಲಸವನ್ನು ಈಗಲೇ ಹಿಡಿದಿದ್ದಾರೆ. ಇವತ್ತು ಹುಣಸೆ ಮರದ ಕೆಳಗೆ ಆರು ಜನ ಹೊಸಬರು ಕೂತಿದ್ದರು.