ಶೇಂಗಾ ಕಿತ್ತ ಮೇಲೆ ಎಲ್ಲಿರ್ತೀರಿ?

ಚಳ್ಳಕೆರೆ ಕಡೆ ಟಿಬಿ ಚಿಕಿತ್ಸೆಯ ಮೇಲ್ವಿಚಾರಣೆ ನನ್ನ ಕೆಲಸ. ಕಫ ಪರೀಕ್ಷೆಯಲ್ಲಿ ಟಿಬಿ ಅಂತ ಬಂದವರ ಮನೆಗೆ ಹೋಗಬೇಕು, ಮಾತ್ರೆ ಶುರು ಮಾಡಿಸಬೇಕು, ಕೋರ್ಸ್ ಮುಗಿಯುವವರೆಗೆ ಅವರ ಬೆನ್ನು ಬಿಡಬಾರದು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಹೆಸರು, ವಯಸ್ಸು, ತೂಕ ಬರೆದುಕೊಂಡ ಕೂಡಲೇ ಕೇಳಿ, "ಶೇಂಗಾ ಕಿತ್ತ ಮೇಲೆ ಎಲ್ಲಿರ್ತೀರಿ?"

ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಪಕ್ಕದ ಮೊಳಕಾಲ್ಮೂರು, ಆ ಕಡೆ ಜಗಳೂರಿನ ಕತೆಯೂ ಇದೇ. ಬೆಳೆ ಬಂದರೂ ಬಾರದಿದ್ದರೂ, ಕೊಯ್ಲು ಮುಗಿದ ಮೇಲೆ ತುಂಬಾ ಜನ ಗುಳೆ ಹೊರಡುತ್ತಾರೆ. ಕೆಲವರು ಕಾಫಿ ಹಣ್ಣು ಬಿಡಿಸಲು ಚಿಕ್ಕಮಗಳೂರು, ಕೊಡಗಿಗೆ. ಕೆಲವರು ಗಾರೆ ಕೆಲಸಕ್ಕೆ ಬೆಂಗಳೂರಿಗೆ. ಕುರಿ ಇರುವವರು ಭದ್ರಾ ಕಾಲುವೆಯ ಗದ್ದೆ ಬಯಲಿಗೆ. ಮಾಮೂಲಿ ಟಿಬಿಗೆ ಆರು ತಿಂಗಳ ಚಿಕಿತ್ಸೆ. ಆಗಸ್ಟ್‌ನಲ್ಲಿ ಮಾತ್ರೆ ಶುರು ಮಾಡಿದವರು ಊರು ಬಿಡುವ ಹೊತ್ತಿಗೆ ಕೋರ್ಸಿನ ಅರ್ಧದಲ್ಲಿರುತ್ತಾರೆ.

ಆ ಅರ್ಧದಲ್ಲೇ ಅಪಾಯ ಇರುವುದು. ಮೊದಲ ಎರಡು ತಿಂಗಳು ನಾಲ್ಕು ಔಷಧಿ ಕೊಡುತ್ತೇವೆ, ಆಮೇಲಿನ ನಾಲ್ಕು ತಿಂಗಳು ಮೂರು. ಕೆಲವೇ ವಾರಗಳಲ್ಲಿ ಜ್ವರ ಬಿಡುತ್ತದೆ, ಹಸಿವು ಮರಳುತ್ತದೆ, ಕೆಮ್ಮು ಕಡಿಮೆಯಾಗುತ್ತದೆ. ಮೈಗೆ ಹುಷಾರಾಯಿತು, ಕೂಲಿ ಕರೆಯುತ್ತಿದೆ, ಇನ್ನು ಮಾತ್ರೆ ಯಾಕೆ ಅನ್ನಿಸುವುದು ಸಹಜ ಅಲ್ವಾ? ಆದರೆ ಒಳಗೆ ಉಳಿದ ರೋಗಾಣು ಹಾಗೇ ಇರುತ್ತದೆ. ನಡುವೆ ಬಿಟ್ಟರೆ ಮತ್ತೆ ತಲೆ ಎತ್ತುತ್ತದೆ, ಕೆಲವೊಮ್ಮೆ ಅದೇ ಮಾತ್ರೆಗೆ ಬಗ್ಗದಂತೆ ಗಟ್ಟಿಯಾಗಿರುತ್ತದೆ. ಇಂಥವರನ್ನು "ಬೇಜವಾಬ್ದಾರಿ ಜನ" ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಮನೆ ನಡೆಸುವ ಜವಾಬ್ದಾರಿಗಾಗಿಯೇ ಅವರು ಊರು ಬಿಟ್ಟಿರುತ್ತಾರೆ.

ಮೊದಲ ದಿನವೇ ಉತ್ತರ ಸಿಕ್ಕಿದರೆ ಮಾಡಬಹುದಾದದ್ದು ಬಹಳ ಇದೆ. ಪ್ರತಿ ರೋಗಿಗೂ ಒಂದು ನಿಕ್ಷಯ್ ಐಡಿ, ಅಂದರೆ ಸರ್ಕಾರದ ಟಿಬಿ ದಾಖಲೆಯಲ್ಲಿ ಅವರ ನಂಬರ್, ಇರುತ್ತದೆ. ಆ ನಂಬರ್ ಹಿಡಿದು ದೇಶದ ಯಾವುದೇ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಚಿಕಿತ್ಸೆ ವರ್ಗಾಯಿಸಬಹುದು, ಮಾತ್ರೆ ಅಲ್ಲೇ ಉಚಿತವಾಗಿ ಸಿಗುತ್ತದೆ. ಆದರೆ ಸುಮ್ನೆ ಕಂಪ್ಯೂಟರಿನಲ್ಲಿ ಕಳಿಸಿ ಕೈ ತೊಳೆದುಕೊಂಡರೆ ಆಗುವುದಿಲ್ಲ. ಆ ಕಡೆಯವರಿಗೆ ಫೋನ್ ಮಾಡಿ, ಯಾವ ಎಸ್ಟೇಟು, ಯಾವ ಲೈನ್ ಮನೆ ಎಂದು ಹೇಳಬೇಕು. ಅವರು ಹೋಗಿ ನೋಡಿ ಬಂದರಾ ಎಂದು ಮತ್ತೆ ಕೇಳಬೇಕು.

ಕುರಿ ಕಾಯುವವರ ವಿಷಯ ಇನ್ನೂ ಕಷ್ಟ. ಇವತ್ತು ಒಬ್ಬರ ಗದ್ದೆಯಲ್ಲಿ ಮಂದೆ ಹಾಕಿದರೆ ನಾಲ್ಕು ದಿನ ಬಿಟ್ಟು ಇನ್ನೊಂದು ಊರು. ಅವರನ್ನು ಯಾವ ಕೇಂದ್ರಕ್ಕೆ ವರ್ಗಾಯಿಸುವುದು? ನಾನು ನೋಡಿಕೊಂಡ ಒಬ್ಬರು ಹರಿಹರದ ಕಡೆ ಹೊರಟಿದ್ದರು. ಅವರಿಗೆ ತಿಂಗಳಿಗಾಗುವಷ್ಟು ಮಾತ್ರೆ ಕೊಟ್ಟೆವು. ಅವರು ಮಾತ್ರೆ ಪಟ್ಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎಲೆ ಅಡಿಕೆ ಚೀಲದೊಳಗೆ ಇಟ್ಟುಕೊಂಡರು. "ಕಂಬಳಿ ಮರೆತರೂ ಇದನ್ನ ಮರೆಯಲ್ಲ" ಅಂದರು. ಬೆಳಿಗ್ಗೆ ಎಲೆ ಹಾಕುವ ಮುಂಚೆ ಮಾತ್ರೆ ಎಂದು ಅವರೇ ನಿಯಮ ಮಾಡಿಕೊಂಡರು. ಮುಂದಿನ ತಿಂಗಳ ಮಾತ್ರೆಯನ್ನು, ಊರಿಂದ ಜೋಳದ ಹಿಟ್ಟು ತಗೊಂಡು ಹೋಗುತ್ತಿದ್ದ ಅವರ ತಮ್ಮನ ಕೈಲಿ ಕಳಿಸಿದೆವು. ಕೋರ್ಸ್ ಪೂರ್ತಿಯಾಯಿತು. ಕೊನೆಯ ಕಫ ಪರೀಕ್ಷೆಯಲ್ಲೂ ಏನೂ ಕಾಣಲಿಲ್ಲ.

ರೋಗಿಗಳು ಊರಿಂದ ಹೊರಡುವ ಮುಂಚೆ ಅವರಿಗೆ ಇನ್ನೊಂದು ಹೇಳಲೇಬೇಕು. ಟಿಬಿ ಔಷಧಿಗಳಲ್ಲಿ ಒಂದಾದ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದರಿಂದ ತೊಂದರೆ ಇಲ್ಲ. ಗೊತ್ತಿಲ್ಲದವರು ರಕ್ತ ಹೋಗುತ್ತಿದೆ ಎಂದೋ, ಮಾತ್ರೆ ಉಷ್ಣ ಎಂದೋ ಹೆದರಿ ನಿಲ್ಲಿಸಿಬಿಡುತ್ತಾರೆ. ಪರ ಊರಲ್ಲಿ ಧೈರ್ಯ ಹೇಳುವವರು ಯಾರಿರುತ್ತಾರೆ? ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಮಂಜಾದರೆ ಮಾತ್ರ ತಡ ಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಿ ಎಂದು ಬಿಡಿಸಿ ಹೇಳುತ್ತೇನೆ.

2023ರಲ್ಲಿ ಜಗತ್ತಿನಲ್ಲಿ ಸುಮಾರು 1.08 ಕೋಟಿ ಜನಕ್ಕೆ ಟಿಬಿ ಬಂತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ನಮ್ಮ ದೇಶದ್ದೇ. ರೋಗ ಬೇಗ ಹಿಡಿಯುವ ಟ್ರೂನ್ಯಾಟ್ ಯಂತ್ರ ಇದೆ, ಔಷಧಿ ಇದೆ. ರೋಗಿಯ ಊಟಕ್ಕೆಂದು ಸರ್ಕಾರ ಕೊಡುವ ಹಣ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1000 ಆಗಿದೆ. ಇದೆಲ್ಲ ಒಳ್ಳೆಯದೇ. ಆದರೂ ಆ ಸಾವಿರದಲ್ಲಿ ಮನೆ ನಡೆಯುವುದಿಲ್ಲ. ಗುಳೆ ಹೋಗಬೇಡಿ ಎಂದು ಹೇಳುವ ಹಕ್ಕು ನಮಗಿಲ್ಲ ಎಂದೇ ನನ್ನ ನಂಬಿಕೆ. ಅವರು ಹೋದಲ್ಲಿಗೆ ಮಾತ್ರೆ ಹೋಗಬೇಕು.

ಮೇಸ್ತ್ರಿಗೆ ತಿಳಿಸಬೇಕಾ ಎಂದು ಹೊಸಬರು ಕೇಳುತ್ತಾರೆ. ರೋಗಿಯನ್ನು ಕೇಳದೆ ಹೇಳಲೇಬೇಡಿ. ಟಿಬಿ ಎಂದ ಕೂಡಲೇ ಕೆಲಸ ಬೇಡ ಎನ್ನುವವರು ಇದ್ದಾರೆ. ಜೊತೆಗೆ ಹೋಗುವವರಲ್ಲಿ ನಂಬಿಕೆಯವರು ಯಾರು ಎಂದು ರೋಗಿಯನ್ನೇ ಕೇಳಿ. ರೋಗಿ ಒಪ್ಪಿದರೆ ಆ ನಂಬಿಕೆಯ ಒಬ್ಬರಿಗೆ ಹೇಳಿ, ಅವರ ಫೋನ್ ನಂಬರನ್ನೂ ಚಿಕಿತ್ಸಾ ಕಾರ್ಡಿನಲ್ಲಿ ಬರೆದುಕೊಳ್ಳಿ.