"ನೀವು ಯಾವ ವಿಮಾನ ಮಾಡಿದ್ರಿ?"

ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ ಕೆಲಸ ಅಂದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದಿಡುತ್ತೇನೆ.

ಹಂಸ ಮಾಡಿದ್ದೇವೆ. ಎರಡು ಸೀಟಿನ ತರಬೇತಿ ವಿಮಾನ. ಅದರ ಹೊಸ ರೂಪ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಮೊದಲ ಸಲ ಹಾರಿತು. ನಮ್ಮ ಇನ್ನೊಂದು ವಿಮಾನ, ಸಣ್ಣ ಪ್ರಯಾಣಿಕ ವಿಮಾನ ಸಾರಸ್ ಏನಾಯ್ತು ಅಂತ ಮಾತ್ರ ನಗುನಗುತ್ತಾ ಕೇಳಬೇಡಿ. 2009ರ ಮಾರ್ಚ್ 6ರಂದು ಪರೀಕ್ಷಾ ಹಾರಾಟದಲ್ಲಿ ಅದು ಬಿಡದಿ ಹತ್ತಿರ ಬಿತ್ತು, ವಾಯುಪಡೆಯ ಮೂವರು ತೀರಿಕೊಂಡರು. 2018ರ ಜನವರಿಯಲ್ಲಿ ಸಾರಸ್ ಮತ್ತೆ ಮೇಲೆದ್ದಾಗ ನಾನು ಅತ್ತಿದ್ದೇನೆ.

ತುಮಕೂರಿನಲ್ಲಿ ಒಂದು ನಿಶ್ಚಿತಾರ್ಥ. ಪಕ್ಕದ ಎಲೆಗೆ ಕೂತ ಚಿಕ್ಕಪ್ಪ, ದೆಹಲಿಯಲ್ಲಿ ಮಂಜು ಕವಿದು ಆರು ಗಂಟೆ ಏರ್‌ಪೋರ್ಟ್‌ನಲ್ಲಿ ಕಾದ ಕಥೆ ಹೇಳುತ್ತಿದ್ದರು. ಹೋಳಿಗೆ ಬರುವ ಹೊತ್ತಿಗೆ ನನ್ನ ಕಡೆ ತಿರುಗಿದರು. "ಅಲ್ಲಮ್ಮ, ಇಸ್ರೋದವರು ಚಂದ್ರನ ಮೇಲೇ ಇಳಿಸಿದ್ರು. ನಿಮ್ಮೋರು ಏನ್ ಮಾಡಿದ್ರು?"

ಅಲ್ಲ ಚಿಕ್ಕಪ್ಪ, ಅಂಥ ಮಂಜಲ್ಲಿ ರನ್‌ವೇ ಎಷ್ಟು ದೂರ ಕಾಣುತ್ತೆ ಅಂತ ಪೈಲಟ್‌ಗೆ ಹೇಗೆ ಗೊತ್ತಾಗುತ್ತೆ ಅಂತ ಕೇಳಬಾರದಿತ್ತೇ?

ಅದನ್ನು ಅಳೆಯೋಕೆ ನಮ್ಮವರು ಮಾಡಿದ ಉಪಕರಣವೇ 'ದೃಷ್ಟಿ'. ಮೊದಲು ಇಂಥವನ್ನು ಹೊರದೇಶದಿಂದ ತರಿಸಬೇಕಿತ್ತು. ಈಗ ದೆಹಲಿಯ ರನ್‌ವೇ ಪಕ್ಕದಲ್ಲೂ ನಮ್ಮದು ನಿಂತಿದೆ. ಒಂದು ಕಂಬದಿಂದ ಬೆಳಕು ಹೊರಡುತ್ತದೆ, ಸ್ವಲ್ಪ ದೂರದ ಇನ್ನೊಂದು ಕಂಬ ಅದನ್ನು ಹಿಡಿದು ಅಳೆಯುತ್ತದೆ. ಮಂಜು ದಟ್ಟವಾದಷ್ಟೂ ಬೆಳಕು ಚದುರಿ ಕಡಿಮೆ ತಲುಪುತ್ತದೆ. ಆ ಕೊರತೆಯ ಜತೆಗೆ ರನ್‌ವೇ ದೀಪಗಳ ಪ್ರಖರತೆ, ಸುತ್ತಲಿನ ಬೆಳಕು ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಇಷ್ಟು ಮೀಟರ್ ಕಾಣುತ್ತದೆ ಎಂಬ ಅಂಕಿ ಸಿಗುತ್ತದೆ.

ಕೇಳಲು ಸುಲಭ. ಆದರೆ ಗಾಜಿನ ಮೇಲೆ ಧೂಳು ಕೂತರೂ ಬೆಳಕು ಕಡಿಮೆಯಾಗುತ್ತದೆ. ಅದು ಧೂಳೋ ಮಂಜೋ ಅಂತ ಉಪಕರಣವೇ ತಿಳಿದುಕೊಳ್ಳಬೇಕು. ಕಂಬ ಗಾಳಿಗೆ ಒಂಚೂರು ಬಾಗಿದರೂ ಬೆಳಕಿನ ಗುರಿ ತಪ್ಪುತ್ತದೆ, ಹಾಗಾಗಿ ಗಟ್ಟಿಯಾಗಿರಬೇಕು. ವಿಮಾನ ಜಾರಿ ಬಂದು ಬಡಿದರೆ ಅದೇ ಕಂಬ ಕಡ್ಡಿಯ ಹಾಗೆ ಮುರಿದುಬೀಳಬೇಕು, ವಿಮಾನಕ್ಕೆ ಪೆಟ್ಟಾಗಬಾರದು. ಎರಡೂ ಗುಣ ಒಂದೇ ಕಂಬದಲ್ಲಿ! ನನಗೆ ಇದರಷ್ಟು ಚೆಂದದ ಕೆಲಸ ಇನ್ನೊಂದಿಲ್ಲ.

ದೆಹಲಿಯಲ್ಲಿ 50 ಮೀಟರ್ ಕಂಡರೂ ಇಳಿಯಬಹುದು, ವಿಮಾನಕ್ಕೆ ಆ ಸಾಮರ್ಥ್ಯ, ಪೈಲಟ್‌ಗೆ ಆ ತರಬೇತಿ ಇದ್ದರೆ. ನೀವು ಆರು ಗಂಟೆ ಕಾದಿರಲ್ಲ ಚಿಕ್ಕಪ್ಪ, ಅಷ್ಟೂ ಹೊತ್ತು ಟವರ್‌ನಲ್ಲಿ ಕೂತವರು ನೋಡುತ್ತಿದ್ದದ್ದು ಇಂಥ ಅಂಕಿಯನ್ನೇ.